ಬೇಡ ಎನ್ನಲು ಬಾರದ ಕಂಪ್ಯೂಟರು

ಹಳೆಯ ಕಂಪ್ಯೂಟರಿಗೆ ಒಂದು ವಾಸನೆ ಇರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಬಹಳ ದಿನ ಮುಚ್ಚಿಟ್ಟು ಸ್ವಿಚ್ ಹಾಕಿದರೆ ಒಳಗಿನ ಫ್ಯಾನು ಗೊರಗೊರ ಎಂದು ಎದ್ದು, ಕಾದ ಧೂಳಿನ ಗಾಳಿಯನ್ನು ಮುಖಕ್ಕೆ ಊದುತ್ತದೆ. ನಮ್ಮ ಮನೆಯದರಲ್ಲಿ ಆ ಧೂಳಿನ ಜೊತೆಗೆ ವಿಭೂತಿಯ ವಾಸನೆಯೂ ಇದೆ. ಕಳೆದ ವಾರ ಅದರ ಮೇಲೆ ಹೊದಿಸಿದ್ದ ನನ್ನ ಹಳೆ ಸೀರೆಯ ತುಂಡನ್ನು ಸರಿಸಿ ಸ್ವಿಚ್ ಒತ್ತಿದಾಗ ಮೊದಲು ನೆನಪಾದವರು ಮಾವನವರು, ಅಂದರೆ ನನ್ನ ಗಂಡನ ತಂದೆ. ಅವರು ಹೋಗಿ ಕೆಲವು ವರ್ಷಗಳಾದರೂ ಕೀಲಿಮಣೆಯ ಸಂದುಗಳಲ್ಲಿ ಅವರ ಬೆರಳಿನ ವಿಭೂತಿ ಇನ್ನೂ ಇದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ. ನಾನು ಅಷ್ಟೇನೂ ಒರೆಸುವುದೂ ಇಲ್ಲ ಎನ್ನಿ.

ಸ್ವಿಚ್ ಒತ್ತಿದ್ದಕ್ಕೆ ಕಾರಣ ನಮ್ಮ ಯಜಮಾನರು. “ಭಾನುವಾರ ಗುಜರಿಯವನು ಬರ್ತಾನೆ ಕಣೇ, ಇದನ್ನೂ ಹಾಕ್ಬುಡಣ. ಆನ್ ಮಾಡಿ ಕಾಫಿ ಕುಡುದ್ರೂ ಏಳಲ್ಲ ಅದು” ಎಂದಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಕಾಫಿ ಏನು, ಕುಕ್ಕರಿನಲ್ಲಿ ಬೇಳೆ ಬೇಯುವಷ್ಟು ಹೊತ್ತು ಬೇಕು. ಎದ್ದ ಮೇಲೂ ತೆರೆಯ ತುಂಬ ಚೌಕಗಳು: ನೀವು ಬಹುಮಾನ ಗೆದ್ದಿದ್ದೀರಿ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಜಾತಕ ಉಚಿತ. ಆದರೆ ಈ ಗದ್ದಲದ ಹಿಂದೆಲ್ಲೋ ನನ್ನ ರಂಗೋಲಿಗಳಿದ್ದವು. ಅವುಗಳನ್ನು ಗುಜರಿಗೆ ಹಾಕಲು ನಾನು ತಯಾರಿರಲಿಲ್ಲ.

ಈ ಗದ್ದಲವನ್ನು ಒಳಗೆ ಬಿಟ್ಟುಕೊಂಡವರು ಮಾವನವರೇ. ನಿವೃತ್ತಿಯಾದ ಮೇಲೆ ಕೃಷ್ಣಮೂರ್ತಿಪುರಂನ ಈ ಮನೆಯ ನಡುಮನೆಯಲ್ಲಿ ಕಂಪ್ಯೂಟರ್ ತಂದಿಟ್ಟರು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಂದು ಅದರ ಮುಂದೆ ಕೂರುತ್ತಿದ್ದರು. ತೆರೆಯ ಮೇಲೆ ಯಾವ ಚೌಕ ಬಂದು ಏನು ಕೇಳಿದರೂ ‘ಹೌದು’ ಒತ್ತುತ್ತಿದ್ದರು. ‘ಇದನ್ನು ಹಾಕಿಕೊಳ್ಳುತ್ತೀರಾ?’ ಹೌದು. ‘ಇದರ ಗೆಳೆಯನನ್ನೂ?’ ಹೌದು. ನಾನೊಮ್ಮೆ, “ಮಾವ, ಬೇಡ ಅಂತ್ಲೂ ಒಂದು ಗುಂಡಿ ಇದೆ” ಎಂದೆ.

“ಇದೆ ಕಣಮ್ಮ. ಆದ್ರೆ ಬಾಗಿಲಿಗೆ ಬಂದು ಕೇಳ್ದೋರನ್ನ ಬೇಡ ಅಂತ ಕಳಿಸಿದ ಮನೆಯಲ್ಲ ನಮ್ದು” ಎಂದರು.

ಜಂಗಮರು ಬಂದರೆ ಸರಿ, ಅಗರಬತ್ತಿ ಮಾರುವವರು ಬಂದರೂ ಕೂರಿಸಿ ಕಾಫಿ ಕೊಡಿಸುತ್ತಿದ್ದ ಜೀವ ಅದು. ತೆರೆಯ ಆಚೆ ಕೇಳುತ್ತಿರುವವನು ಮನುಷ್ಯನೇ ಅಲ್ಲ ಎಂದು ಅವರಿಗೆ ಹೇಗೆ ತಿಳಿಸುವುದು? ಬೇಡ ಎನ್ನಲು ಬಾರದವರಲ್ಲಿ ನಾನೇನು ಕಡಿಮೆಯವಳಲ್ಲ. ನೆಂಟರಿಷ್ಟರ ಎಲ್ಲ ಮದುವೆ, ಗೃಹಪ್ರವೇಶಗಳಿಗೂ “ನೀನೇ ಹಾಕ್ಬೇಕು ಕಣಮ್ಮ” ಎಂದು ಕರೆಸಿಕೊಂಡು, ಬಾಗಿಲ ತುಂಬ ರಂಗೋಲಿ ಹಾಕಿ, ಕೊನೆಯ ಪಂಕ್ತಿಯಲ್ಲಿ ತಣ್ಣಗಾದ ಅನ್ನ ಉಂಡು ಬಂದವಳು.

ಆ ಮಾವನವರು ಒಂದು ಪುಟ್ಟ ಕ್ಯಾಮೆರಾ ಕೊಂಡರು. ಹೇಗೆ ತೆಗೆಯುತ್ತದೆ ನೋಡೋಣ ಎಂದು ಗೇಟಿನ ಮುಂದಿನ ರಂಗೋಲಿಯ ಫೋಟೋ ತೆಗೆದರು. ಮರುದಿನವೂ ತೆಗೆದರು. ಆಮೇಲೆ ಅದು ಪೂಜೆಯಷ್ಟೇ ನಿತ್ಯದ್ದಾಯಿತು. ಚೆನ್ನಾಗಿದೆ ಎಂದು ಬಾಯಿಬಿಟ್ಟು ಒಂದು ದಿನವೂ ಹೇಳಿದವರಲ್ಲ. ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಡುತ್ತ, “ನಾಳೆ ನೀರಾಕಿ ಗುಡಿಸ್ಬುಡ್ತೀಯ. ಇಲ್ಲಿದ್ರೆ ಇರುತ್ತೆ” ಎಂದಿದ್ದರು ಅಷ್ಟೆ.

ಅಗ್ರಹಾರದ ರಿಪೇರಿ ಅಂಗಡಿಯವರನ್ನು ಮನೆಗೇ ಕರೆಸಿದೆ. ಸ್ವಲ್ಪ ಹೊತ್ತು ನೋಡಿ ತಲೆಯಾಡಿಸಿದರು. “ಇದು ಛತ್ರ ಆಗೋಗಿದೆ ಮೇಡಂ. ಫಾರ್ಮ್ಯಾಟ್ ಹೊಡುದ್ಬುಡ್ತೀನಿ, ಎಲ್ಲ ಕ್ಲೀನು.”

“ಫೋಟೋಗಳು?”

“ಎಲ್ಲಾನೂ ಹೋಗುತ್ತೆ. ನನ್ನ ಪೆನ್‌ಡ್ರೈವ್‌ಗೆ ಹಾಕ್ಕೊಳಲ್ಲ, ಅದಕ್ಕೂ ವೈರಸ್ ಅಂಟ್ಕೊಳುತ್ತೆ. ಏನು, ಮದುವೆ ಫೋಟೋನಾ?”

“ರಂಗೋಲೀದು.”

ಅವರು ಯಜಮಾನರ ಮುಖ ನೋಡಿದರು. ಯಜಮಾನರು ಗೋಡೆ ನೋಡುತ್ತ, “ದಿನಾ ಹಾಕ್ತಾಳಲ್ರೀ, ನಾಳೇನೂ ಹಾಕ್ತಾಳೆ” ಎಂದರು.

“ಅಳಿಸೋದು ನಿಮಗೆ ಸುಲಭ. ಬಗ್ಗಿ ಹಾಕಿದ ಸೊಂಟ ನಿಮ್ದಲ್ವಲ್ಲ” ಎಂದೆ. ಮದುವೆಯಾದಾಗಿನಿಂದ ಹೊರಗಿನವರ ಮುಂದೆ ನಾನು ಅವರಿಗೆ ಎದುರು ಮಾತಾಡಿದ್ದು ಕಡಿಮೆ. ಅಂಗಡಿಯವರು ಗಡ್ಡ ಕೆರೆದುಕೊಂಡರು. ವೈರಸ್ ಹಿಡಿಯುವ ಒಂದು ಪ್ರೋಗ್ರಾಮ್ ಹಾಕಿಕೊಟ್ಟು, ಇಂಟರ್‌ನೆಟ್ ವೈರು ಕಿತ್ತಿಟ್ಟು, “ಒಂದೊಂದಾಗಿ ನೀವೇ ತೆಗೀಬೇಕಾಗುತ್ತೆ. ಒಂದು ನೆನಪಿಟ್ಕೊಳಿ, ಫೋಲ್ಡರ್ ಥರ ಕಾಣೋದೆಲ್ಲ ಫೋಲ್ಡರ್ ಅಲ್ಲ. ಒತ್ಬೇಡಿ” ಎಂದು ಹೇಳಿ ಹೋದರು.

ಒಂದೊಂದಾಗಿ ತೆಗೆಯುವುದೆಂದರೆ ನನಗೇನು ಹೆದರಿಕೆ? ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸಿ ಬೆಳೆದವಳು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಕೂತೆ. ಪ್ರೋಗ್ರಾಮ್ ತನ್ನ ಪಾಡಿಗೆ ಹುಡುಕಿ ಕೆಲವನ್ನು ಹಿಡಿಯಿತು. ಉಳಿದವನ್ನು ಪಟ್ಟಿಯಲ್ಲಿ ನೋಡಿ ನಾನೇ ತೆಗೆದೆ. ಗೊತ್ತಿಲ್ಲದ ಹೆಸರಿದ್ದರೆ ಅಂಗಡಿಯವರಿಗೆ ಫೋನಿನಲ್ಲಿ ಓದಿ ಕೇಳಿದೆ. ನಗಬೇಡಿ, ಹೊರಡುವಾಗ ಅವು ಗೋಗರೆಯುತ್ತವೆ. ‘ನಿಜವಾಗಿಯೂ ತೆಗೆಯಬೇಕೆ?’ ಎಂದು ಒಂದು. ‘ನಮ್ಮಿಂದೇನು ತಪ್ಪಾಯಿತು?’ ಎಂದು ಅಳುಮುಖದ ಬೊಂಬೆ ತೋರಿಸಿತು ಇನ್ನೊಂದು. ನನ್ನ ಕೈ ನಿಂತಿತು. ಇಷ್ಟು ವರ್ಷ ಮಾವನವರ ಮನೆಯಲ್ಲಿ ಬಾಳಿದ ಕೈ. ಆಮೇಲೆ, ಕರೆಯದೆ ಬಂದು ಊರು ಕೊಳ್ಳೆ ಹೊಡೆದು ಈಗ ಅಳುವವನಿಗೆ ನಾನೇಕೆ ಕರಗಬೇಕು ಎನ್ನಿಸಿ, ಒತ್ತಿದೆ. ಅದು ಹೋಯಿತು. ಮುಂದಿನದಕ್ಕೆ ಕೈ ನಿಲ್ಲಲಿಲ್ಲ.

ಕೊನೆಗೆ ‘ಸೊಸೆ ರಂಗೋಲಿ’ ಎಂದು ಮಾವನವರು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಹಳದಿ ಫೋಲ್ಡರು ಕಂಡಿತು. ಒತ್ತಬೇಕೆಂದು ಬೆರಳು ಹೋಯಿತು. ಅಂಗಡಿಯವರ ಮಾತು ನೆನಪಾಗಿ ಪಕ್ಕದಲ್ಲಿ ನೋಡಿದರೆ, ಅದು ಫೋಲ್ಡರಲ್ಲ, ಪ್ರೋಗ್ರಾಮ್ ಎಂದಿತ್ತು. ಗಾತ್ರವೂ ಆಗಲೇ ತೆಗೆದ ಕಳ್ಳರದಷ್ಟೇ. ಅಕ್ಕಿಯಷ್ಟೇ ಬಿಳಿಯ ಕಲ್ಲು ಇರುತ್ತದಲ್ಲ, ಹಾಗೆ ನನ್ನ ಹೆಸರು ಹೊತ್ತು ಕೂತಿತ್ತು. ಅದನ್ನೂ ಅಳಿಸಿದೆ. ಆ ಜಾಗ ಖಾಲಿಯಾಯಿತು.

“ಹೋಯ್ತಾ?” ಎಂದರು ಹಿಂದೆ ನಿಂತಿದ್ದ ಯಜಮಾನರು.

ನಾನು ಅಂಗಡಿಯವರಿಗೆ ಫೋನು ಮಾಡಿದೆ. “ಗಾಬರಿ ಬೀಳ್ಬೇಡಿ ಮೇಡಂ, ನಿಜವಾದ್ದನ್ನ ವೈರಸ್ ಬಚ್ಚಿಟ್ಟಿರುತ್ತೆ” ಎಂದು, ಬಚ್ಚಿಟ್ಟಿದ್ದನ್ನು ತೋರಿಸುವಂತೆ ಎಲ್ಲಿ ಗುರುತು ಹಾಕಬೇಕೆಂದು ಹೇಳಿಕೊಟ್ಟರು. ಹಾಕಿದೆ. ಖಾಲಿ ಜಾಗದಲ್ಲಿ ಮಾಸಿದ ಬಣ್ಣದ ಫೋಲ್ಡರೊಂದು ಮೂಡಿತು. ತೆರೆದರೆ ನನ್ನ ಬೆಳಗುಗಳೆಲ್ಲ ಸಾಲಾಗಿ ಕೂತಿದ್ದವು. ಒಂದರ ಮೇಲೆ ಹಾಲಿನವನ ಸೈಕಲ್ಲಿನ ಗುರುತು. ಒಂದರ ಅಂಚಿನಲ್ಲಿ ಮಾವನವರ ಕಾಲ್ಬೆರಳು.

ಯಜಮಾನರು ಕುರ್ಚಿ ಎಳೆದುಕೊಂಡರು. “ಇದು ನಮ್ಮ ಹಳೇ ಗೇಟಲ್ವೇನೇ?” ಎಂದರು. ಇನ್ನೆರಡು ಫೋಟೋ ನೋಡಿ, “ಫೋಟೋ ಸಿಕ್ತಲ್ಲ, ಪೆನ್‌ಡ್ರೈವ್‌ಗೆ ಹಾಕ್ಕೊಂಡು ಇದನ್ನ ಕೊಟ್ಬುಡಣ” ಎಂದರು.

“ಕಸ ಎಲ್ಲ ನಾನು ಹೊರಗಾಕಿದ್ದು ಇನ್ನೊಬ್ರಿಗೆ ಕೊಡಕ್ಕಾ?”

ಭಾನುವಾರ ಗುಜರಿಯವನು ಗೇಟಿಗೆ ಬಂದ. ಮಾವನವರ ಮನೆಯ ಪದ್ಧತಿ, ಕಾಫಿ ಕೊಟ್ಟೆ. ಹಳೇ ಪೇಪರ್ ಕೊಟ್ಟೆ. ಲೋಟ ಕೆಳಗಿಟ್ಟು, “ಅಕ್ಕಾ, ಕಂಪ್ಯೂಟ್ರು ಕೊಡ್ತೀನಿ ಅಂದಿದ್ರು ಅಣ್ಣ” ಎಂದ.

“ಕೊಡಲ್ಲ ಕಣಪ್ಪ.”

“ಹಳೇದಾಗೋಯ್ತಲ್ಲಕ್ಕ, ಇನ್ನೇನಕ್ಕೆ?”

“ನಾನೂ ಹಳಬಳೇ. ಕಾಲು ಆ ಕಡೆ ಇಡು, ರಂಗೋಲಿ ಇದೆ.”