ಟೈಮಿಂಗ್ ಚೈನಿನ ಸದ್ದು

ಸಂಜೆ ಅಂಗಡಿಯಿಂದ ಬರುವ ಹೊತ್ತಿಗೆ ಯಜಮಾನರ ಹಣೆಯ ವಿಭೂತಿ ಅರ್ಧ ಹೆಲ್ಮೆಟ್ಟಿನ ಪಾಲಾಗಿರುತ್ತಿತ್ತು. ಉಳಿದರ್ಧ ಬೆವರಿನೊಂದಿಗೆ ಇಳಿದು ಹುಬ್ಬಿನ ಮೇಲೆ ಒಣಗಿರುತ್ತಿತ್ತು. ನರೆತ ಹುಬ್ಬು ಯಾವುದು, ವಿಭೂತಿ ಯಾವುದು ಎಂದು ಹೇಳುವುದು ಕಷ್ಟ. ಮಾರುಕಟ್ಟೆಯ ಹತ್ತಿರ ಪೂಜಾ ಸಾಮಾನಿನ ಅಂಗಡಿ ಇಟ್ಟಿದ್ದರಿಂದ ಅಂಗಿಯೆಲ್ಲ ಕರ್ಪೂರದ ವಾಸನೆ.

ತೊಂಬತ್ತರ ದಶಕದ ನಡುವೆ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ ಮೈಸೂರಿಗೆ ಬಂದ ನಾನು, ಕೃಷ್ಣಮೂರ್ತಿಪುರಂನಲ್ಲಿ ಅವರ ಮನೆಯ ಹಿಂಬದಿಯ ಕೋಣೆಗೆ ಬಾಡಿಗೆಗೆ ಸೇರಿದೆ. ಎಲ್ಲರಂತೆ ನಾನೂ ಅವರನ್ನು ಯಜಮಾನರು ಎನ್ನುತ್ತಿದ್ದೆ. ಅವರ ಹೆಂಡತಿಯನ್ನು ಅಮ್ಮ ಎನ್ನುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಅಮ್ಮನ ಕಣ್ಣು ಪೂರ್ತಿ ಹೋಗಿತ್ತು.

ಯಜಮಾನರದು ಹಳೆಯ ನೂರು ಸಿಸಿ ಬೈಕು. ಅದರ ಇಂಜಿನ್ನಿನೊಳಗಿಂದ ಯಾರೋ ಡಬ್ಬದಲ್ಲಿ ಗೋಲಿ ಹಾಕಿ ಅಲ್ಲಾಡಿಸುತ್ತಿರುವ ಹಾಗೆ ಸದ್ದು ಬರುತ್ತಿತ್ತು. ಬೈಕು ಬೀದಿಯ ತಿರುವಿಗೆ ಬಂದರೆ ಸಾಕು, ಅಮ್ಮ ಮಾತು ನಿಲ್ಲಿಸಿ "ಬಂದ್ರು ಕಣಮ್ಮ" ಎಂದು ಏಳುತ್ತಿದ್ದರು. ಗೋಡೆ ಸವರಿಕೊಂಡು ಹೋಗಿ, ಗಾಡಿ ನಿಲ್ಲುವಷ್ಟರಲ್ಲಿ ಬಾಗಿಲು ತೆಗೆದಿರುತ್ತಿದ್ದರು. ಯಜಮಾನರ ಜೇಬಿನಲ್ಲಿ ಕೀಲಿಕೈ ಇರುತ್ತಿತ್ತು. ಆದರೂ ಅವರು ಅದನ್ನು ಎಂದೂ ಹೊರತೆಗೆಯುತ್ತಿರಲಿಲ್ಲ.

ಒಂದು ದಿನ ಅಗ್ರಹಾರದ ಮೆಕ್ಯಾನಿಕ್ ಗಾಡಿಯನ್ನು ಬಿಚ್ಚಿ ನೋಡಿದನಂತೆ. ಇಂಜಿನ್ನಿನೊಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿ ಒತ್ತಿ ಹಿಡಿಯುವ ಟೆನ್ಷನರ್ ಸವೆದಿದೆ, ಚೈನು ಸಡಿಲವಾಗಿ ಹೊಡೆದುಕೊಳ್ಳುತ್ತಿದೆ ಎಂದು ಹೇಳಿ ಹೊಸದನ್ನು ಹಾಕಿಕೊಟ್ಟ.

ಆ ಸಂಜೆ ನಾನು ಒಣಗಿದ ಬಟ್ಟೆ ತೆಗೆಯಲು ಮನೆಯ ಮುಂದಕ್ಕೆ ಬಂದೆ. ಯಜಮಾನರು ಹೆಲ್ಮೆಟ್ ಕೈಯಲ್ಲಿ ಹಿಡಿದು, ಮುಚ್ಚಿದ ಬಾಗಿಲಿನ ಎದುರು ಸುಮ್ಮನೆ ನಿಂತಿದ್ದರು.

"ಯಾಕೆ ಯಜಮಾನ್ರೇ, ಬಾಗ್ಲು ತಟ್ಟಬಾರ್ದಾ?" ಎಂದು ಮೆಲ್ಲಗೆ ಕೇಳಿದೆ.

"ಇರಮ್ಮ, ಅವಳೇ ತೆಗೀತಾಳೆ," ಎಂದು ಪಿಸುಗುಟ್ಟಿದರು.

ನನ್ನ ದನಿ ಅರ್ಧಂಬರ್ಧ ಕೇಳಿ ಒಳಗಿನಿಂದ ಅಮ್ಮ ಕೂಗಿದರು. "ಯಾರು? ನೀನೇನಮ್ಮ? ಇವ್ರು ಇನ್ನೂ ಬಂದಿಲ್ವಲ್ಲೇ! ರೋಡಲ್ಲಿ ಏನಾಯ್ತೋ ಏನೋ!"

ಅವರು ಬಾಗಿಲಿನ ಆ ಕಡೆಯೇ ಕುಳಿತಿದ್ದರು. ಬಾಗಿಲು ತೆಗೆದಾಗ ಯಜಮಾನರು "ಇಲ್ಲೇ ಇದೀನಲ್ಲೇ" ಎಂದರು. ಅಮ್ಮ ಅವರ ಮುಖ, ಭುಜ, ಮೊಣಕೈ ಎಲ್ಲ ಸವರಿ ನೋಡಿದರು. "ಗಾಡಿ ಎಲ್ರೀ? ಬಿದ್ಬುಟ್ರಾ? ನಡ್ಕೊಂಡ್ ಬಂದ್ರಾ?" ಎಂದು ಅಳತೊಡಗಿದರು.

ಮರುದಿನ ಬೆಳಿಗ್ಗೆ ಯಜಮಾನರು ನನ್ನನ್ನು ಶಾಲೆಗೆ ಬಿಡುತ್ತೇನೆಂದು ಹತ್ತಿಸಿಕೊಂಡು ನೇರವಾಗಿ ಮೆಕ್ಯಾನಿಕ್ ಬಳಿಗೆ ಹೋದರು.

"ಹಳೇದು ಇಟ್ಟಿದ್ಯೇನಪ್ಪ? ಅದನ್ನೇ ಹಾಕ್ಬುಡು."

ಮೆಕ್ಯಾನಿಕ್ ನನ್ನ ಮುಖ ನೋಡಿದ. "ಏನ್ ಯಜಮಾನ್ರೇ, ಸರಿ ಮಾಡಿದ್ದನ್ನ ಕೆಡಿಸು ಅಂತೀರಾ? ಚೈನು ಹಲ್ಲು ತಪ್ಪಿದ್ರೆ ಇಂಜಿನ್ನೇ ಹೋಗುತ್ತೆ ಕಣ್ರೀ."

"ನಿಧಾನಕ್ಕೆ ಓಡಿಸ್ತೀನಿ ಬುಡಪ್ಪ. ಮನೆಯೋಳಿಗೆ ಸದ್ದು ಬೇಕು."

ಅವನು ಸ್ಪ್ಯಾನರ್ ಎತ್ತಿಕೊಂಡ. ಹೊಸ ಟೆನ್ಷನರನ್ನು ಯಜಮಾನರು ಹಳೆಯ ಪೇಪರಿನಲ್ಲಿ ಸುತ್ತಿ ಮನೆಯಲ್ಲಿಟ್ಟರು. ಅಲ್ಲಿಂದಾಚೆಗೆ ಆಗೀಗ ನನ್ನನ್ನು ಶಾಲೆಗೆ ಬಿಡುವಾಗ ಅವರು ಎಷ್ಟು ನಿಧಾನವಾಗಿ ಹೋಗುತ್ತಿದ್ದರೆಂದರೆ, ನಮ್ಮ ಶಾಲೆಯ ಹುಡುಗಿಯರು ಸೈಕಲ್ಲಿನಲ್ಲಿ ನಮ್ಮನ್ನು ಹಿಂದೆ ಹಾಕಿ, ತಿರುಗಿ ನನಗೆ ನಮಸ್ಕಾರ ಹೇಳಿ ನಗುತ್ತಿದ್ದರು. ಇಂಜಿನ್ನಿಗೆ ಏನೂ ಆಗಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಅಮ್ಮ ತೀರಿಕೊಂಡರು. ನೆಂಟರೆಲ್ಲ ಬಂದು ಹೋದ ಮೇಲೆ ಯಜಮಾನರು ಮತ್ತೆ ಅಂಗಡಿ ತೆರೆದರು. ಸಂಜೆ ತಿರುವಿನಲ್ಲಿ ಅದೇ ಸದ್ದು. ಗಾಡಿ ನಿಂತ ಮೇಲೆ ಬಹಳ ಹೊತ್ತು ಏನೂ ಕೇಳುತ್ತಿರಲಿಲ್ಲ. ಆಮೇಲೆ ಬೀಗ ತೆಗೆಯುವ ಶಬ್ದ. ಆ ನಡುವಿನ ಹೊತ್ತಿನಲ್ಲಿ ನಾನು ಒಲೆಯ ಮುಂದೆ ನಿಂತಲ್ಲೇ ನಿಂತಿರುತ್ತಿದ್ದೆ. ಹೋಗಿ ಮಾತಾಡಿಸಬೇಕು ಅನ್ನಿಸುತ್ತಿತ್ತು, ಏನೆಂದು ಮಾತಾಡಿಸಲಿ?

ಕೆಲವು ತಿಂಗಳ ಬಳಿಕ ಒಂದು ಭಾನುವಾರ ಮೆಕ್ಯಾನಿಕ್ ತಾನೇ ಮನೆಗೆ ಬಂದ. ಯಜಮಾನರು ಪೇಪರಿನ ಪೊಟ್ಟಣ ತಂದು ಅವನ ಕೈಗಿಟ್ಟು, ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರು. ಸವೆದ ಟೆನ್ಷನರ್ ಹೊರಬಂತು, ಹೊಸದು ಒಳಗೆ ಹೋಯಿತು. ಕೆಲಸ ಬೇಗ ಮುಗಿಯಿತು. ಗಾಡಿ ಶುರು ಮಾಡಿದರೆ ಹೊಲಿಗೆ ಮಿಷನ್ನಿನಂತೆ ಸಣ್ಣ ಸದ್ದು ಅಷ್ಟೇ. ಯಜಮಾನರು ತಲೆ ವಾಲಿಸಿ ಕೇಳಿಸಿಕೊಂಡರು.

"ಚೆನ್ನಾಗಿದೆ ಕಣಪ್ಪ," ಎಂದರು. ಬಳಿಕ ನನ್ನ ಕಡೆ ತಿರುಗಿ, "ಇನ್ಮೇಲೆ ನಾನ್ ಬಂದಿದ್ದು ಯಾರ್ಗೂ ಗೊತ್ತಾಗಲ್ಲ, ಅಲ್ವೇನಮ್ಮ?" ಎಂದು ಕೇಳಿ ಒಳಗೆ ಹೋದರು.

ಮರುದಿನ ಸಂಜೆಯಿಂದ ನಾನು ಅವರು ಬರುವ ಹೊತ್ತಿಗೆ ಜಗಲಿಯಲ್ಲಿ ಕುಳಿತುಕೊಳ್ಳತೊಡಗಿದೆ. ತಿದ್ದಬೇಕಾದ ಉತ್ತರಪತ್ರಿಕೆಯ ನೆಪವಿರುತ್ತಿತ್ತು. ಅವರು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಕಾಫಿ ಕುಡಿಯುತ್ತಾ ಅಂಗಡಿಗೆ ಬಂದವರ ಸುದ್ದಿ ಹೇಳುತ್ತಿದ್ದರು. ಮದುವೆಯಾಗದೆ ಉಳಿದ ನನ್ನನ್ನು ಊರವರೆಲ್ಲ ಏನಾದರೂ ಕೇಳುತ್ತಿದ್ದರು. ಅವರು ಮಾತ್ರ "ಊಟಕ್ಕೇನ್ ಮಾಡ್ದೆ?" ಎಂದಷ್ಟೇ ಕೇಳುತ್ತಿದ್ದರು.

ಹೀಗೇ ಕೆಲವು ವರ್ಷ ಕಳೆದವು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕುಸಿದ ಅವರನ್ನು ಪಕ್ಕದ ಅಂಗಡಿಯವರು ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದರು. ನೆಂಟರು ಬರುವವರೆಗೆ ನಾನೇ ಜೊತೆಗಿದ್ದೆ. ತಣ್ಣಗಿದ್ದ ಅವರ ಕೈಯನ್ನು ಹಿಡಿದು ಕುಳಿತಿದ್ದಾಗ ನರ್ಸ್ ಬಂದು, "ನೀವು ಇವ್ರಿಗೆ ಏನಾಗ್ಬೇಕು?" ಎಂದಳು.

ಬಾಡಿಗೆಗಿರುವವಳು ಎಂದು ಹೇಳಬೇಕಿತ್ತು.

ಯಜಮಾನರು ಕಣ್ಣು ಮುಚ್ಚಿಕೊಂಡೇ, "ನಮ್ಮನೆ ಹುಡುಗಿ ಕಣಮ್ಮ," ಎಂದರು.

ಆಗ ನನಗೆ ನಲವತ್ತು ದಾಟಿತ್ತು. ಎರಡು ದಿನದ ಬಳಿಕ ಅವರು ಹೋದರು. ಅಲ್ಲಿಂದೀಚೆಗೆ ಯಾರೂ ನನ್ನನ್ನು ಹಾಗೆ ಕರೆದಿಲ್ಲ.