ಮುಂದಿನ ಚಕ್ರದ ಕೆಳಗೊಂದು ಪೇಪರು

ಸೈನ್ಯದವರು ಹರಾಜಿಗೆ ಬಿಟ್ಟ ಹಳೇ ಲಾರಿಗಳಿಗೆ ಕ್ರೇನು ಕೂರಿಸುವುದು ಮೇಸ್ತ್ರಿಯ ಕಸುಬು. ಕೆಟ್ಟು ನಿಂತ ಬಸ್ಸನ್ನೋ ಹಳ್ಳಕ್ಕೆ ಬಿದ್ದ ಟ್ರ್ಯಾಕ್ಟರನ್ನೋ ಎತ್ತಿ ಎಳೆದೊಯ್ಯಲು ಇವುಗಳಿಗಿಂತ ಗಟ್ಟಿಮುಟ್ಟಾದ ಗಾಡಿ ಇಲ್ಲ ಎಂದು ಅವನ ವಾದ. ಯಾರಾದರೂ ಹೊಸ ಲಾರಿ ತಂದು ನಿಲ್ಲಿಸಿದರೆ, "ತಗಡು ತಂದಿದೀರಲ್ಲ ಸ್ವಾಮೀ" ಎಂದು ಮುಖಕ್ಕೇ ಹೇಳಿಬಿಡುತ್ತಿದ್ದ. ಬಾಯಿ ಜೋರು, ಕೈ ಮಾತ್ರ ಬಂಗಾರ.

ಅವನ ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಕ್ರೇನು ಕೂರಿಸಿದವರೇ ಮೊದಲ ಭಾರ ಎತ್ತಬೇಕು. ಲಾರಿಯ ಹಿಂದೆ ಎರಡು ಟನ್ನಿನ ಸಿಮೆಂಟು ದಿಮ್ಮಿ ನೇತಾಡುವಾಗ ಮುಂದಿನ ಚಕ್ರ ನೆಲ ಬಿಡಬಾರದು. ಅದನ್ನು ನೋಡಲು ಚಕ್ರದ ಕೆಳಗೊಂದು ನ್ಯೂಸ್‌ಪೇಪರ್ ಹಾಳೆ. ಎಳೆದಾಗ ಹರಿದರೆ ಲಾರಿ ಪಾಸು. ಇಡಿಯಾಗಿ ಜಾರಿ ಕೈಗೆ ಬಂತೋ, ಎಲ್ಲ ಬಿಚ್ಚಿ ಮತ್ತೆ ಶುರು. ಮೂವತ್ತು ವರ್ಷ ಲಾರಿಯ ಮೇಲೆ ಕ್ರೇನಿನ ಲಿವರ್ ಹಿಡಿದು ಕೂತವನು ಮೇಸ್ತ್ರಿ, ಕೆಳಗೆ ಕುಕ್ಕರಗಾಲಲ್ಲಿ ಕೂತು ಪೇಪರು ಎಳೆದವಳು ಹೆಂಡತಿ.

ಈ ಸಲದ ಲಾರಿಯ ಕೆಲಸ ಮಗಳದು. ಲೆಕ್ಕ ಹಾಕಿದ್ದು, ಕೊರೆದದ್ದು, ವೆಲ್ಡಿಂಗು ಮಾಡಿದ್ದು ಎಲ್ಲ ಅವಳೊಬ್ಬಳೇ. ಇದು ಪಾಸಾದರೆ ಶೆಡ್ಡಿನ ಬೀಗದ ಕೈ ಅವಳಿಗೆ ಎಂದು ಮೇಸ್ತ್ರಿ ಮಾತು ಕೊಟ್ಟಿದ್ದ. ಮಾತು ಕೊಟ್ಟವನು ತೆಪ್ಪಗಿರಬೇಕೋ ಬೇಡವೋ? ಹಿಂದಿನ ದಿನ ಅವಳು ಪೇಂಟು ತರಲು ಹೋದದ್ದೇ ತಡ, ಮುಂದಿನ ಬಂಪರಿನ ಮೇಲಿದ್ದ ತುಕ್ಕು ಹಿಡಿದ ವಿಂಚನ್ನು ಬಿಚ್ಚಿ ಇಳಿಸಿಬಿಟ್ಟ. ಕೆಸರಿನಲ್ಲಿ ಹೂತ ಗಾಡಿಯನ್ನು ಉಕ್ಕಿನ ಹಗ್ಗ ಸುತ್ತಿ ಎಳೆಯುವ ಭಾರೀ ಉರುಳೆ ಅದು. ಉಜ್ಜಿ ಬಣ್ಣ ಹೊಡೆದು ಮಗಳನ್ನು ಖುಷಿಪಡಿಸೋಣ ಎಂಬ ಆಸೆ.

ಬೆಳಿಗ್ಗೆ ಲಾರಿಯ ಯಜಮಾನ ಬಂದು ಕೂತಿದ್ದ. ಮಗಳು ಬಂಪರು ನೋಡಿ ನಿಂತುಬಿಟ್ಟಳು.

"ಅಪ್ಪಾ, ವಿಂಚೆಲ್ಲಿ?"

"ಹಿಂದೆ ಒಣಗ್ತಿದೆ. ಹೇಗೆ ಮಿಂಚ್ತಿದೆ ನೋಡ್ಹೋಗು! ಭಾರ ಎತ್ತಿ ಆಮೇಲೆ ಕೂರಿಸಿದ್ರಾಯ್ತು."

"ಅದಿಲ್ದೆ ನಾನು ಎತ್ತಲ್ಲ. ಮುನ್ನೂರೈವತ್ತು ಕಿಲೋ ಇದೆ. ಅದನ್ನೂ ಸೇರಿಸಿ ಲೆಕ್ಕ ಹಾಕಿರೋದು."

ಗಿರಾಕಿಯ ಎದುರು ಹೀಗಂದರೆ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. "ನಂಗೇ ಪಾಠ ಹೇಳ್ತೀಯಾ? ಆ ಕಡೆ ಸರಿ, ನಾನೇ ಎತ್ತಿ ತೋರಿಸ್ತೀನಿ."

"ಕೂರಿಸಿದವರೇ ಎತ್ಬೇಕು ಅಂತ ನೀನೇ ತಾನೇ ರೂಲು ಮಾಡಿದ್ದು?"

ಮೇಸ್ತ್ರಿ ಬಂಪರಿನ ಖಾಲಿ ಜಾಗ ನೋಡಿದ, ಹಿಂದಿನ ದಿಮ್ಮಿ ನೋಡಿದ. ಆಮೇಲೆ ಹಣೆ ಚಚ್ಚಿಕೊಂಡು ನಗತೊಡಗಿದ. "ಅಯ್ಯೋ ನನ್ನ ಬುದ್ಧಿಗಿಷ್ಟು! ಮುಂದೆ ಭಾರ ಇಲ್ದೆ ಲಾರಿ ಮೂತಿ ಆಕಾಶ ನೋಡ್ತಿತ್ತಲ್ಲೇ!"

ಚೈನ್ ಪುಲ್ಲಿ ಹಾಕಿ ವಿಂಚನ್ನು ಮತ್ತೆ ಕೂರಿಸುವಷ್ಟರಲ್ಲಿ ಯಜಮಾನನಿಗೆ ಮೂರು ಟೀ ಆಗಿತ್ತು. ಹಸಿ ಬಣ್ಣವೆಲ್ಲ ಅಪ್ಪ ಮಗಳ ಕೈಗೇ ಬಂತು.

ಮಗಳು ಮೇಲೆ ಹತ್ತಿ ಲಿವರ್ ಹಿಡಿದಳು. ಹೆಂಡತಿ ಚಕ್ರದಡಿಯ ಪೇಪರಿನ ತುದಿಯನ್ನು ಗಂಡನ ಕೈಗಿಟ್ಟಳು. "ಇವತ್ತು ನೀವೇ ಎಳೀರಿ."

ಮೇಸ್ತ್ರಿ ಚಕ್ರದ ಪಕ್ಕ ಕುಕ್ಕರಿಸಿದ. ಎಂಜಿನ್ ಗುಡುಗಿತು, ಹಿಂದಿನ ಸ್ಪ್ರಿಂಗು ಪಟ್ಟಾಗಳು ಕಿರುಗುಟ್ಟಿದವು, ದಿಮ್ಮಿ ನೆಲ ಬಿಟ್ಟಿತು. ಲಾರಿಯ ಮೂತಿ ಒಂದು ಬೆರಳು ಮೇಲೆದ್ದದ್ದೇ ಅವನ ಎದೆ ಧಸಕ್ಕೆಂದಿತು. ಮೇಲೆ ಕೂತಾಗ ಲಿವರಿನಲ್ಲೇ ಎಲ್ಲ ತಿಳಿಯುತ್ತಿತ್ತು. ಎದ್ದದ್ದು ಬರೀ ಮೂತಿಯೋ, ಚಕ್ರವೂ ನೆಲ ಬಿಟ್ಟಿತೋ, ಇಲ್ಲಿ ಏನೂ ತಿಳಿಯದು. ಮೇಲೆ ಮಗಳು, ಕೈಯಲ್ಲಿ ಒಂದು ಚೂರು ಕಾಗದ, ಅಷ್ಟೇ.

"ಅಪ್ಪಾ, ಎಳಿ!"

ಎಳೆದ. ಪರ್‍ರನೆ ಹರಿಯಿತು. ಯಜಮಾನ ಚಪ್ಪಾಳೆ ತಟ್ಟಿದ. ಮೇಸ್ತ್ರಿಗೆ ಖುಷಿಯೋ ಖುಷಿ, ಆದರೆ ಹರಿದ ಚೂರು ಹಿಡಿದು ಕೂತಲ್ಲೇ ಕೂತಿದ್ದ.

"ಏನ್ರೀ, ಎದೆ ಹೊಡ್ಕೊಳ್ತಿದ್ಯಾ?" ಹೆಂಡತಿ ಕೈ ಕೊಟ್ಟು ಎಬ್ಬಿಸಿದಳು. "ಮೂವತ್ತು ವರ್ಷ ನಂಗೂ ಹೀಗೇ ಆಗ್ತಿತ್ತು. ನೀವು ಮೇಲಿಂದ, ಬೇಗ ಎಳಿಯೇ, ನಿದ್ದೆ ಬಂತಾ ಅಂತ ಕೂಗ್ತಿದ್ರಿ."

"ಒಂದು ಮಾತು ಹೇಳ್ಬಾರ್ದಿತ್ತೇನೇ?"

"ಹೇಳಿದ್ರೆ ಮೇಲೆ ನಿಮ್ಮ ಕೈ ನಡುಗ್ತಿತ್ತು."

ಮೇಸ್ತ್ರಿ ಹರಿದ ಪೇಪರನ್ನು ಮಡಚಿ ಜೇಬಿಗಿಟ್ಟ. ಸೊಂಟದಿಂದ ಬೀಗದ ಕೈ ಬಿಚ್ಚಿಕೊಂಡು, ಹೆಂಡತಿಯ ಕೈ ಬಿಡದೆ, ಮಗಳು ಇಳಿದು ಬರಲೆಂದು ಕಾದು ನಿಂತ.