ಮೂರು ಸಲ ಹತ್ತಿಸಿದ ಮಾಸ್ತರು

ಮಾಣಿಕರಾವ ಮಾಸ್ತರು ಫೋನಿನಲ್ಲಿ ಬೈಯಬೇಕಾದರೆ ಎದ್ದು ನಿಲ್ಲುತ್ತಿದ್ದರು. ಕುಂತು ಬೈದರೆ ಬೈಗುಳಕ್ಕೆ ಜೋರು ಬರುವುದಿಲ್ಲವಂತೆ. ಭಾಲ್ಕಿಯ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದವರು. ಬೀದರಿನ ಮೈಲೂರಿನಲ್ಲಿ ಮನೆ. ವರ್ಷಕ್ಕೊಮ್ಮೆ ಇಪ್ಪತ್ತು ಜನರನ್ನು ಕಟ್ಟಿಕೊಂಡು ದೇಶ ತೋರಿಸಿ ತರುತ್ತಿದ್ದರು. ಆ ವರ್ಷ ರಾಜಸ್ಥಾನದ ಮರಳುಗಾಡು. ಮರಳ ದಿಬ್ಬದ ಮೇಲೆ ಒಂದು ರಾತ್ರಿ ಮಲಗುವುದು.

ನಾನು ಮೂರನೆಯ ಇಯತ್ತೆ ಓದಿದವಳು. ಠಾಣಾ ಕುಶನೂರಿನ ಹೊಲ ಬಿಟ್ಟು ಕಂಡದ್ದು ಕಡಿಮೆ. ಬೀದರಿನಲ್ಲಿ ನರ್ಸ್ ಆಗಿರುವ ಮೊಮ್ಮಗಳು ಸುಜಾತಾ, "ಆಯೀ, ನೀ ಬಂದ್ರ ನಾ ಹೋಗ್ತೇನಿ. ಇಲ್ಲಾಂದ್ರ ನಕೋ" ಎಂದಳು. ಆ ಖುಷಿಯಲ್ಲಿ ಬೇಳೆಗೆ ಎರಡು ಸಲ ಉಪ್ಪು ಹಾಕಿದೆ. ಮನೆಯವರೆಲ್ಲ ಬೈದರು. ಬೈಯಲಿ! ನನಗೆ ನಗು ತಡೆಯಲಿಲ್ಲ.

ದುಡ್ಡು ಕಟ್ಟಲು ಸುಜಾತಾಳ ಜೊತೆ ಹೋದಾಗ ಮಾಸ್ತರು ಫೋನು ಹಿಡಿದು ನಿಂತೇ ಇದ್ದರು. ರಾಜಸ್ಥಾನದ ಟೆಂಟಿನವನು ರಾತ್ರಿಯೆಲ್ಲ ಹಾಡು, ಕುಣಿತ ಇಡುತ್ತೇನೆ ಎಂದನಂತೆ. "ಹಮನಾ ನಾಚ್-ಗಾನಾ ನಕ್ಕೋ ಮಿಯಾ! ಖಾಲಿ ರೇತಿ ಹೋನಾ, ತಾರೇ ಹೋನಾ!" ಕುಣಿತ ಬೇಡ, ಬರಿ ಮರಳು, ಚುಕ್ಕಿ ಸಾಕೆಂದು ಬೈದು ಫೋನಿಟ್ಟು ನನ್ನ ಕಡೆ ತಿರುಗಿದರು.

"ಮೊಣಕಾಲು ಹ್ಯಾಂಗ ಅವ, ಆಯಿ?"

"ಎರಡೂ ಅವ."

ಅವರು ನಗಲಿಲ್ಲ. ಸುಜಾತಾ ಬರೆಸಿದ್ದ ನನ್ನ ಹೆಸರಿನ ಮೇಲೆ ಗೆರೆ ಎಳೆದರು. "ಜೀಪು ದಿಬ್ಬದ ಬುಡಕ್ಕ ನಿಲ್ತದ. ಮ್ಯಾಲ ನಡೀಬೇಕು. ಹೊತ್ಕೊಂಡು ಹೋಗ್ಲಿಕ್ಕ ನಾ ಏನು ಒಂಟಿ ಏನ್ರಿ?"

ನನಗೆ ಮೈಯೆಲ್ಲ ಉರಿಯಿತು. "ಎರಿ ಹೊಲದಾಗ ತೊಗರಿ ಸೂಡು ಹೊತ್ತ ಕಾಲಿವು!"

"ಎರಿ ಮಣ್ಣು ಕಾಲು ಹಿಡೀತದ. ರೇತಿ ಕಾಲು ಬಿಡ್ತದ. ನಾಳಿ ಮುಂಜಾನಿ ಬರ್ರಿ, ನೋಡಮಿ."

ಮಾಸ್ತರ ಮನೆಯ ಎದುರುಗಡೆ ಯಾರೋ ಮನೆ ಕಟ್ಟುತ್ತಿದ್ದರು. ಬೀದಿಯಲ್ಲಿ ಆಳೆತ್ತರ ಮರಳ ಗುಡ್ಡೆ. ಪ್ರವಾಸಕ್ಕೆ ಹೊರಟವರೆಲ್ಲ ಮರುದಿನ ಅಲ್ಲಿ ಸೇರಿದೆವು. ಎಲ್ಲರಿಗೂ ಮಾಸ್ತರ ನಿಯಮ ಒಂದೇ: ಬರಿಗಾಲಲ್ಲಿ ಮೂರು ಸಲ ಹತ್ತಿ ಇಳಿಯಬೇಕು, ನಡುವೆ ಕೂಡಬಾರದು. ಕುಂತರೆ ಹೆಸರು ಪಟ್ಟಿಯಿಂದ ಹೋಯಿತು. ಮರಳಿನ ಮಾಲೀಕ ಕೂಗುತ್ತ ಬಂದ. "ಸಂಜಿಗೆ ಮತ್ತ ಗುಡ್ಡಿ ಮಾಡಿ ಕೊಡ್ತೇವ, ಸುಮ್ನ ನಿಂದ್ರು!" ಎಂದು ಅವನನ್ನೂ ಗದರಿದರು.

ನಾನು ಹೊಲದಲ್ಲಿ ನಡೆದ ಹಾಗೆ ಹಿಮ್ಮಡ ಒತ್ತಿದೆ. ಸರ್ರನೆ ಬುಡಕ್ಕೆ ಬಂದೆ. "ಬೆರಳು ಊರ್ರಿ ಆಯಿ, ಬೆರಳು! ಜ್ವಾಳದ ಹೊಲ ಅಲ್ಲ ಇದು!" ಅವರ ವಂಶವನ್ನೆಲ್ಲ ಬೈಯುತ್ತ ಹತ್ತಿದೆ. ಬಾಯಲ್ಲಿ ಸೀಟಿ ಕಚ್ಚಿಕೊಂಡು ಅವರೂ ಪ್ರತಿ ಸಲ ನನ್ನ ಜೊತೆಗೇ ಹತ್ತುತ್ತಿದ್ದರು. ಮೂರನೆಯ ಸಲ ತುದಿಯಲ್ಲಿ ನಿಂತು, "ಈಗೇನಂತೀರಿ?" ಎಂದು ತಿರುಗಿದೆ. ಮಾಸ್ತರು ಅರ್ಧದಲ್ಲಿ ಕುಂತಿದ್ದರು. ಕೈ ಎದೆಯ ಮೇಲಿತ್ತು.

ಸುಜಾತಾ ಓಡಿ ಬಂದು ನಾಡಿ ಹಿಡಿದಳು. "ಯಾವಾಗಿಂದ್ರಿ ಇದು?"

"ತಿಂಗಳಾತು. ಡಾಕ್ಟರ್ ಪ್ರವಾಸಕ್ಕ ಹೋಗಬ್ಯಾಡ ಅಂದಾನ. ಹೇಳಿದ್ರ ನೀವ್ಯಾರೂ ಹೊರಡ್ತಿದ್ದಿಲ್ಲ."

ಅಲ್ಲೇ ಕುಂತು ಪಟ್ಟಿ ತೆಗೆದು ನನ್ನ ಹೆಸರು ಮತ್ತೆ ಬರೆದರು. ತಮ್ಮ ಹೆಸರು ಹೊಡೆದು ಹಾಕಿದರು. ನೀವು ಕುಂತದ್ದನ್ನು ಯಾರು ನೋಡಿದ್ದಾರೆ, ಹೆಸರು ಇರಲಿ ಬಿಡ್ರಿ ಎಂದು ಸುಜಾತಾ ಒಬ್ಬಳನ್ನು ಬಿಟ್ಟು ಎಲ್ಲರೂ ಬೇಡಿಕೊಂಡೆವು. "ನಾ ನೋಡೀನಲ್ರಿ!" ಎಂದು ನಮ್ಮನ್ನೇ ಬೈದರು.

ಹೊರಡುವ ದಿನ ಬೀದರ ಸ್ಟೇಷನ್ನಿಗೆ ಬಂದರು. ಬೋಗಿ ಹತ್ತಿ ತಲೆ ಎಣಿಸಿ, ಇಳಿದು, ನನ್ನ ಕಿಟಕಿಗೆ ಬಂದರು. ನಾನು ಚೀಲ ಎತ್ತಿಕೊಂಡು, "ನನ್ನ ಜಾಗಾದಾಗ ನೀವು ಬರ್ರಿ, ನಾ ಇಳೀತೇನಿ" ಎಂದೆ. ಸುಳ್ಳಲ್ಲ, ಇಳಿಯುವವಳೇ ಇದ್ದೆ. ಅವರ ಮುಖ ಕೆಂಪಾಯಿತು.

"ಕುಂದರ್ರಿ! ಹುಡುಗಿ ನಿಮ್ಮ ಸಲುವಾಗಿ ಹೊಂಟಾಳ!"

ರೈಲು ಹೊರಟಿತು.

ಮೊಮ್ಮಗಳ ಕೈ ಹಿಡಿದು ದಿಬ್ಬ ಹತ್ತಿದೆ. ತಣ್ಣನೆ ಮರಳಿನ ಮೇಲೆ ಅವಳ ಪಕ್ಕ ಮಲಗಿದೆ. ಆಕಾಶ ಇಷ್ಟು ಕೆಳಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಇದನ್ನೆಲ್ಲ ಮೊದಲು ಮಾಸ್ತರಿಗೆ ಹೇಳಬೇಕೆಂದು, ಬೀದರಿಗೆ ಮರಳಿದ ದಿನ ಸ್ಟೇಷನ್ನಿನಿಂದ ನೇರ ಮೈಲೂರಿಗೆ ಹೋದೆ. ಬಾಗಿಲ ಮುಂದೆ ಚಪ್ಪಲಿಗಳು ರಾಶಿ ಬಿದ್ದಿದ್ದವು. ಮಾಸ್ತರು ಅಂದು ಬೆಳಿಗ್ಗೆಯೇ ತೀರಿಹೋಗಿದ್ದರು.

ಒಳಗೆ ಹೋದೆ. ಮಲಗಿಸಿದ್ದ ಅವರ ಮುಂದೆ ನಿಂತೆ. ದಿಬ್ಬದ ಸುದ್ದಿ ಒಂದನ್ನೂ ಬಿಡದೆ ಹೇಳಿದೆ, ಬೈಯುತ್ತ ಬೈಯುತ್ತ. ಅವರ ಹೆಂಡತಿ ಯಾರಿಗೂ ನನ್ನನ್ನು ತಡೆಯಗೊಡಲಿಲ್ಲ.